ಒಂದೇ ಕಾರು, ದೇಶಕ್ಕೊಂದು ಎಂಜಿನ್ನು



ನಿಮ್ಮ ಊರಿನ ರಸ್ತೆಯಲ್ಲಿ ಈಗಲೂ ಆಗೊಮ್ಮೆ ಈಗೊಮ್ಮೆ ಹಳೆಯ ಮಾರುತಿ 800 ಕಾರೊಂದು ಕಣ್ಣಿಗೆ ಬಿದ್ದೀತು. ಬಣ್ಣ ಮಾಸಿದ್ದರೂ ಹಿಂಬದಿಯಲ್ಲಿ ಆ ಮೂರು ಅಂಕಿಗಳು ಸಾಮಾನ್ಯವಾಗಿ ಉಳಿದೇ ಇರುತ್ತವೆ. ಈ 800 ಎಂಬುದು ಎಲ್ಲಿಂದ ಬಂತು? ಅದು ಬೆಲೆಯಲ್ಲ, ತೂಕವೂ ಅಲ್ಲ. ಎಂಜಿನ್ನಿನ ಸಿಲಿಂಡರುಗಳ ಒಟ್ಟು ಗಾತ್ರ ಅದು. ಕರಾರುವಾಕ್ಕಾಗಿ ಹೇಳುವುದಾದರೆ 796 ಘನ ಸೆಂಟಿಮೀಟರು, ನಾವು ರೂಢಿಯಲ್ಲಿ ಹೇಳುವ ಸಿ.ಸಿ. ಮಾರಾಟದ ಅನುಕೂಲಕ್ಕಾಗಿ ಅದನ್ನು ದುಂಡಗೆ 800 ಮಾಡಿದರು.

ಈ ಕಾರಿನ ಮೂಲ ಜಪಾನಿನ ಸುಜುಕಿ ಕಂಪನಿಯ ಆಲ್ಟೊ. ಅದೇ ಕವಚ, ಅದೇ ಬಾಗಿಲು, ಅದೇ ಪುಟ್ಟ ಚಕ್ರಗಳು. ಆದರೆ ಜಪಾನಿನ ರಸ್ತೆಗಳಲ್ಲಿ ಓಡುತ್ತಿದ್ದ ಆಲ್ಟೊದ ಎಂಜಿನ್ನು 796 ಸಿ.ಸಿ.ಯದಲ್ಲ, ಕೇವಲ 543 ಸಿ.ಸಿ.ಯದು. ಒಂದೇ ಕಾರಿಗೆ ಎರಡು ದೇಶಗಳಲ್ಲಿ ಎರಡು ಎಂಜಿನ್ನು ಏಕೆ? ಜಪಾನೀಯರಿಗೆ ದೊಡ್ಡ ಎಂಜಿನ್ನು ಮಾಡಲು ಬರುತ್ತಿರಲಿಲ್ಲವೆ? ಖಂಡಿತ ಬರುತ್ತಿತ್ತು. ಉತ್ತರ ಸಿಗುವುದು ಕಾರ್ಖಾನೆಯಲ್ಲಿ ಅಲ್ಲ, ಸರ್ಕಾರದ ತೆರಿಗೆ ಪುಸ್ತಕದಲ್ಲಿ.

ಅದಕ್ಕೆ ಮೊದಲು ಒಂದು ಸಣ್ಣ ಲೆಕ್ಕ. ಸಿಲಿಂಡರು ಎಂದರೆ ಲೋಟದಂಥ ಒಂದು ಉರುಳೆ. ಅದರ ವ್ಯಾಸ ಎಷ್ಟು, ಒಳಗೆ ಪಿಸ್ಟನ್ನು ಮೇಲೆ ಕೆಳಗೆ ಎಷ್ಟು ದೂರ ಓಡುತ್ತದೆ ಎಂಬುದು ತಿಳಿದರೆ ಹೈಸ್ಕೂಲಿನ ಗಣಿತದಿಂದಲೇ ಅದರ ಗಾತ್ರ ತೆಗೆಯಬಹುದು. ಜಪಾನಿನ ಆಲ್ಟೊದಲ್ಲಿ ಸಿಲಿಂಡರಿನ ವ್ಯಾಸ 62 ಮಿಲಿಮೀಟರು, ಪಿಸ್ಟನ್ನಿನ ಓಟ 60 ಮಿಲಿಮೀಟರು. ಇಂಥ ಸಿಲಿಂಡರು ಮೂರು. ನಮ್ಮ ಮಾರುತಿಯಲ್ಲಿಯೂ ಮೂರೇ ಸಿಲಿಂಡರು. ಆದರೆ ವ್ಯಾಸ 68.5, ಓಟ 72. ಪೆನ್ಸಿಲು ತೆಗೆದುಕೊಂಡು ಗುಣಿಸಿ ನೋಡಿ. ಮೊದಲನೆಯದು 543ಕ್ಕೆ, ಎರಡನೆಯದು 796ಕ್ಕೆ ಬಂದು ನಿಲ್ಲುತ್ತದೆ. ಮುಂದೆ ಇನ್ನೊಂದು ಕಡೆ ಇದೇ ಲೆಕ್ಕವನ್ನು ಮತ್ತೆ ಮಾಡಬೇಕಾಗುತ್ತದೆ, ಸೂತ್ರವನ್ನು ಮರೆಯದಿರಿ.

ಅಳತೆಪಟ್ಟಿಯೊಳಗಿನ ಕಾರು

ಎರಡನೆಯ ಮಹಾಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜಪಾನಿನಲ್ಲಿ ಜನಸಾಮಾನ್ಯರಿಗೆ ಕಾರು ಕೊಳ್ಳುವ ಶಕ್ತಿ ಇರಲಿಲ್ಲ. 1949ರಲ್ಲಿ ಅಲ್ಲಿನ ಸರ್ಕಾರ ‘ಕೇಯ್’ ಎಂಬ ಹೊಸ ವರ್ಗವನ್ನು ಸೃಷ್ಟಿಸಿತು. ಜಪಾನಿ ಮಾತಿನಲ್ಲಿ ಕೇಯ್ ಎಂದರೆ ಹಗುರ. ಇಂತಿಷ್ಟು ಉದ್ದ, ಇಂತಿಷ್ಟು ಅಗಲ, ಇಂತಿಷ್ಟೇ ಸಿ.ಸಿ. ಈ ಮಿತಿಯೊಳಗಿದ್ದರೆ ತೆರಿಗೆ ಕಡಿಮೆ, ವಿಮೆ ಕಡಿಮೆ. ಅನೇಕ ಊರುಗಳಲ್ಲಿ ಕಾರು ನಿಲ್ಲಿಸಲು ಜಾಗವಿದೆ ಎಂಬ ಪ್ರಮಾಣಪತ್ರವೂ ಬೇಕಿಲ್ಲ. ಒಂದು ಸೆಂಟಿಮೀಟರು ಮೀರಿದರೂ ಈ ಸೌಲಭ್ಯಗಳೆಲ್ಲ ಇಲ್ಲ. 1950ರ ದಶಕದ ನಡುವೆ ಎಂಜಿನ್ನಿನ ಮಿತಿ 360 ಸಿ.ಸಿ. ಎಂದು ನಿಂತಿತು. ಬಟ್ಟೆಯ ಮಗ್ಗಗಳನ್ನು ತಯಾರಿಸುತ್ತಿದ್ದ ಸುಜುಕಿ ಕಂಪನಿ 1955ರಲ್ಲಿ ತನ್ನ ಮೊದಲ ಕಾರು ಸುಜುಲೈಟನ್ನು ಇದೇ ಮಿತಿಯಲ್ಲಿ ಹೊರತಂದಿತು. ಮಿತಿ 1976ರಲ್ಲಿ 550ಕ್ಕೆ, 1990ರಲ್ಲಿ 660ಕ್ಕೆ ಏರಿತು. ಈ ಅಂಕಿಗಳನ್ನು ಆಲ್ಟೊದ 543ರ ಪಕ್ಕ ಇಟ್ಟು ನೋಡಿದರೆ ಉತ್ತರ ತಾನೇ ಹೊಳೆಯುತ್ತದೆ: ಮಿತಿ 550, ಎಂಜಿನ್ನು 543. ಏಳು ಸಿ.ಸಿ. ಮಾತ್ರ ಬಿಟ್ಟು ಗೆರೆಯ ತನಕ ಹೋಗಿದ್ದಾರೆ.

ತೆರಿಗೆಯ ಜಾಣತನ ಇಷ್ಟಕ್ಕೇ ಮುಗಿಯಲಿಲ್ಲ. 1978ರಲ್ಲಿ ಒಸಾಮು ಸುಜುಕಿ ಕಂಪನಿಯ ಅಧ್ಯಕ್ಷರಾದರು. ಆಗ ಕೇಯ್ ವರ್ಗದ ಪ್ರಯಾಣಿಕ ಕಾರಿಗೆ ಶೇಕಡಾ 15.5 ಸರಕು ತೆರಿಗೆ ಇತ್ತು. ಸಾಮಾನು ಸಾಗಿಸುವ ವಾಹನಕ್ಕೆ ಆ ತೆರಿಗೆ ಇರಲಿಲ್ಲ. 1979ರ ಮೇ ತಿಂಗಳಲ್ಲಿ ಬಂದ ಆಲ್ಟೊ ನೋಡಲು ಕಾರಿನಂತೆಯೇ ಇತ್ತು, ಕಾಗದದ ಮೇಲೆ ಮಾತ್ರ ಸಾಮಾನಿನ ವ್ಯಾನು! ಅದಕ್ಕಾಗಿ ಹಿಂದಿನ ಆಸನವನ್ನು ಇಕ್ಕಟ್ಟು ಮಾಡಬೇಕಾಯಿತು. ಆದರೆ ಬೆಲೆ 4,70,000 ಯೆನ್ನಿಗೆ ಇಳಿಯಿತು. ಪೇಟೆಗೆ ಹೋಗಿಬರುವ ಗೃಹಿಣಿ, ಹೊಲಕ್ಕೆ ಹೋಗುವ ರೈತ, ಇವರಿಗೆಲ್ಲ ಹಿಂದಿನ ಆಸನದ ಚಿಂತೆ ಎಲ್ಲಿದೆ? ಕಾರು ಬಿಸಿ ದೋಸೆಯಂತೆ ಖರ್ಚಾಯಿತು. ಮೊದಲು ಇದ್ದದ್ದು ಎರಡು ಹೊಡೆತದ ಎಂಜಿನ್ನು, ಹಳೆಯ ಸ್ಕೂಟರುಗಳಲ್ಲಿದ್ದಂಥದು. 1981ರಲ್ಲಿ ನಾಲ್ಕು ಹೊಡೆತದ 543 ಸಿ.ಸಿ. ಎಂಜಿನ್ನು ಬಂತು.

ಹೊರದೇಶಗಳಿಗೆ ಕಳಿಸುವಾಗ ಈ ಕಟ್ಟುಪಾಡು ಇರಲಿಲ್ಲ. ಬ್ರಿಟನ್ನಿನಲ್ಲಾಗಲಿ ಆಸ್ಟ್ರೇಲಿಯಾದಲ್ಲಾಗಲಿ 550 ಸಿ.ಸಿ.ಗೆ ಯಾರೂ ರಿಯಾಯಿತಿ ಕೊಡುತ್ತಿರಲಿಲ್ಲ. ಅಲ್ಲಿನ ಹೆದ್ದಾರಿಗಳಿಗೆ ಅಷ್ಟು ಶಕ್ತಿ ಸಾಲುತ್ತಲೂ ಇರಲಿಲ್ಲ. ಹಾಗಾಗಿ ಅದೇ ಕಾರಿಗೆ 796 ಸಿ.ಸಿ.ಯ ಎಂಜಿನ್ನನ್ನು ಕೂರಿಸಿ ಹಡಗು ಹತ್ತಿಸಿದರು. 1981ರಲ್ಲಿ ಸ್ಥಾಪನೆಯಾದ ಮಾರುತಿ ಉದ್ಯೋಗ್ ಸಂಸ್ಥೆ 1982ರ ಅಕ್ಟೋಬರಿನಲ್ಲಿ ಸುಜುಕಿಯೊಡನೆ ಒಪ್ಪಂದ ಮಾಡಿಕೊಂಡಾಗ ನಮಗೆ ಬಂದದ್ದು ಈ ರಫ್ತು ಎಂಜಿನ್ನು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಯನ್ನು ಅದರ ಒಡೆಯರಿಗೆ ಕೊಟ್ಟರು. 1986ರಲ್ಲಿ ಕವಚ ಬದಲಾಗಿ ಎರಡನೆಯ ತಲೆಮಾರಿನ ಆಲ್ಟೊದ ರೂಪ ಬಂದಿತಾದರೂ ಎಂಜಿನ್ನು ಅದೇ ಉಳಿಯಿತು. ಶಕ್ತಿ ಸುಮಾರು 39 ಅಶ್ವಶಕ್ತಿ, ಗೇರು ನಾಲ್ಕು. ಗಂಡ, ಹೆಂಡತಿ, ಮೂರು ಮಕ್ಕಳು, ಒಬ್ಬರು ಅಜ್ಜಿ, ಮೇಲೊಂದು ಹಾಸಿಗೆ ಸುರುಳಿ, ಇಷ್ಟನ್ನು ಹೊತ್ತು ಚಾರ್ಮಾಡಿ ಘಾಟಿ ಹತ್ತಬೇಕಾದ ಕಾರಿಗೆ 543 ಸಿ.ಸಿ. ಎಲ್ಲಿ ಸಾಕಾದೀತು!

ಆದರೆ ದೊಡ್ಡ ಎಂಜಿನ್ನೆಲ್ಲ ಹೆಚ್ಚು ಶಕ್ತಿಯದೆಂದು ತಿಳಿಯಬೇಡಿ. 1987ರಲ್ಲಿ ಜಪಾನಿನಲ್ಲಿ ‘ಆಲ್ಟೊ ವರ್ಕ್ಸ್’ ಎಂಬ ಮಾದರಿ ಬಂತು. ಅದೇ 543 ಸಿ.ಸಿ.; ಅದಕ್ಕೆ ಟರ್ಬೊ ಸೇರಿಸಿ 64 ಅಶ್ವಶಕ್ತಿ ಹೊರಡಿಸಿದರು. ನಮ್ಮ ದೊಡ್ಡ ಎಂಜಿನ್ನಿಗಿಂತ ಒಂದೂವರೆ ಪಾಲಿಗೂ ಹೆಚ್ಚು! ಕಂಪನಿಗಳ ನಡುವೆ ಪೈಪೋಟಿ ಅತಿಯಾದೀತೆಂದು ಹೆದರಿ ಜಪಾನಿನ ತಯಾರಕರು 64ರನ್ನೇ ಕೇಯ್ ಕಾರುಗಳ ಗರಿಷ್ಠ ಮಿತಿಯೆಂದು ಒಪ್ಪಿಕೊಂಡರು. ಮಿತಿ ಹಾಕಿದಷ್ಟೂ ಮನುಷ್ಯನ ಬುದ್ಧಿ ಚುರುಕಾಗುತ್ತದೆ ಎನ್ನುವವರಿದ್ದಾರೆ. ನನಗನ್ನಿಸುವುದು ಬೇರೆ: ಅಂಥ ಎಂಜಿನ್ನಿಗೆ ಒಳ್ಳೆಯ ಪೆಟ್ರೋಲು, ಒಳ್ಳೆಯ ಎಣ್ಣೆ, ತಿಳಿದ ಮೆಕ್ಯಾನಿಕ್ಕು ಎಲ್ಲವೂ ಬೇಕು. ನಮ್ಮ 796ರ ಹೆಚ್ಚುಗಾರಿಕೆ ಇದ್ದದ್ದು ಅದರ ಸರಳತೆಯಲ್ಲಿ. ಸಂತೆ ಊರಿನ ಮೆಕ್ಯಾನಿಕ್ಕೂ ಅದನ್ನು ಬಿಚ್ಚಿ ಜೋಡಿಸಬಲ್ಲವನಾಗಿದ್ದ.

ಇದೇ ಎಂಜಿನ್ನು ಇನ್ನೂ ಹಲವು ಊರು ಕಂಡಿತು. ಪಾಕಿಸ್ತಾನದಲ್ಲಿ ಎರಡನೆಯ ತಲೆಮಾರಿನ ಆಲ್ಟೊ ‘ಮೆಹ್ರಾನ್’ ಎಂಬ ಹೆಸರಿನಲ್ಲಿ ಮೂವತ್ತು ವರ್ಷ ಬಾಳಿ 2019ರಲ್ಲಿ ನಿಂತಿತು. ಅದರ ಸ್ಥಾನಕ್ಕೆ ಬಂದ ಹೊಸ ಆಲ್ಟೊದಲ್ಲಿ ಜಪಾನಿನ ಕೇಯ್ ಮಿತಿಯ 660 ಸಿ.ಸಿ. ಎಂಜಿನ್ನನ್ನೇ ಇಟ್ಟರು. ಚೀನಾದಲ್ಲಿ ಚಾಂಗಾನ್ ಕಂಪನಿ ಇದನ್ನು ತಯಾರಿಸಿತು. ದಕ್ಷಿಣ ಕೊರಿಯಾದ ಸರ್ಕಾರ ಕೇಯ್ ಮಾದರಿಯಲ್ಲೇ ಒಂದು ಲಘು ಕಾರಿನ ವರ್ಗ ಮಾಡಿ ಮಿತಿಯನ್ನು 800 ಸಿ.ಸಿ. ಎಂದಿಟ್ಟಿತು, ಅಲ್ಲಿ 1991ರಲ್ಲಿ ಡೇವೂ ಕಂಪನಿಯ ‘ಟಿಕೊ’ ಬಂದಾಗ ಎಂಜಿನ್ನು ಮತ್ತೆ 796.

ಎಡಗಾಲಿನ ಪ್ರಶ್ನೆ

ಎಂಜಿನ್ನಿನ ಮಾತು ಇಷ್ಟಾಯಿತು. ಗೇರು ಪೆಟ್ಟಿಗೆಯ ಕಥೆ ಬೇರೆ.

ಗೇರು ಬದಲಿಸುವಾಗ ಎಡಗಾಲಿನಿಂದ ಕ್ಲಚ್ಚನ್ನು ಒತ್ತಬೇಕು ಎಂಬುದು ನಿಮಗೆ ಗೊತ್ತು. ಸ್ವಯಂಚಾಲಿತ ಗೇರಿನಲ್ಲಿ ಆ ಮೂರನೆಯ ಪೆಡಲು ಇರುವುದೇ ಇಲ್ಲ. ಇದು ಶ್ರೀಮಂತರ ಐಷಾರಾಮ ಎಂಬ ಭಾವನೆ ನಮ್ಮಲ್ಲಿ ಬಹುಕಾಲ ಇತ್ತು. ಆದರೆ ಪೋಲಿಯೊದಿಂದ ಎಡಗಾಲು ಸೋತವರನ್ನು, ಮೊಣಕಾಲು ನೋವಿನ ಹಿರಿಯರನ್ನು ಕೇಳಿ ನೋಡಿ. ಅವರ ಪಾಲಿಗೆ ಕ್ಲಚ್ಚಿಲ್ಲದ ಕಾರೆಂದರೆ ಇನ್ನೊಬ್ಬರ ಹಂಗಿಲ್ಲದೆ ಹೊರಗೆ ಹೋಗಿಬರುವ ದಾರಿ.

ಸಣ್ಣ ಕಾರಿಗೆ ಇದನ್ನು ಅಳವಡಿಸುವುದು ಆಗದ ಕೆಲಸವೇನೂ ಆಗಿರಲಿಲ್ಲ. ನೆದರ್ಲೆಂಡ್ಸಿನ ಡಾಫ್ ಕಂಪನಿ 1958ರಲ್ಲೇ 590 ಸಿ.ಸಿ.ಯ ಪುಟ್ಟ ಕಾರಿನಲ್ಲಿ ಹಲ್ಲಿನ ಚಕ್ರಗಳ ಬದಲು ರಾಟೆ ಮತ್ತು ಬೆಲ್ಟನ್ನು ಬಳಸಿ ತೋರಿಸಿತ್ತು. ರಾಟೆಗಳ ನಡುವಿನ ಸಂದು ಹಿಗ್ಗಿ ಕುಗ್ಗಿದಂತೆ ಬೆಲ್ಟು ಮೇಲೇರಿ ಕೆಳಗಿಳಿಯುತ್ತದೆ, ಗೇರು ಮೆಟ್ಟಿಲಿಲ್ಲದೆ ಬದಲಾಗುತ್ತದೆ. ಇಂದಿನ ಸಿ.ವಿ.ಟಿ. ಎಂಬ ವ್ಯವಸ್ಥೆಗೆ ಅದೇ ಮೂಲಪುರುಷ. ಆಲ್ಟೊದ ಮೊದಲ ತಲೆಮಾರಿನಲ್ಲೇ ಎರಡು ಗೇರಿನ ಸ್ವಯಂಚಾಲಿತ ಪೆಟ್ಟಿಗೆ ದೊರೆಯುತ್ತಿತ್ತು. 1991ರಲ್ಲಿ ಜಪಾನು ಸ್ವಯಂಚಾಲಿತ ಕಾರುಗಳಿಗಷ್ಟೇ ಸೀಮಿತವಾದ ಚಾಲನಾ ಪರವಾನಗಿಯನ್ನೂ ಆರಂಭಿಸಿತು. ಕ್ಲಚ್ಚು ಕಲಿಯದೆಯೇ ಕಾರು ಓಡಿಸುವ ಒಂದು ಪೀಳಿಗೆ ಅಲ್ಲಿ ಬೆಳೆಯಿತು.

ನಮ್ಮಲ್ಲಿ ಏಕೆ ಬರಲಿಲ್ಲ? ಹಳೆಯ ಬಗೆಯ ಸ್ವಯಂಚಾಲಿತ ಪೆಟ್ಟಿಗೆಯಲ್ಲಿ ಎಂಜಿನ್ನಿನ ಶಕ್ತಿ ಎಣ್ಣೆಯ ಮೂಲಕ ಚಕ್ರಕ್ಕೆ ಹೋಗುತ್ತದೆ. ಎಣ್ಣೆ ಜಾರುತ್ತದೆ, ಜಾರಿದಷ್ಟೂ ಪೆಟ್ರೋಲು ನಷ್ಟ. 39 ಅಶ್ವಶಕ್ತಿಯಲ್ಲಿ ಕಳೆದುಕೊಳ್ಳಲು ಇರುವುದೇ ಎಷ್ಟು? ಜೊತೆಗೆ ಬೆಲೆ ಹೆಚ್ಚು. ಲೀಟರಿಗೆ ಎಷ್ಟು ಕಿಲೋಮೀಟರು ಎಂಬುದೇ ಮೊದಲ ಪ್ರಶ್ನೆಯಾಗಿದ್ದ ದೇಶದಲ್ಲಿ ಅದು ನಡೆಯುವಂತಿರಲಿಲ್ಲ. 1990ರ ದಶಕದಲ್ಲಿ ಮಾರುತಿ ಝೆನ್ ಕಾರಿನಲ್ಲಿ ಮೂರು ಗೇರಿನ ಸ್ವಯಂಚಾಲಿತ ಮಾದರಿ ಬಂತಾದರೂ ಕೊಂಡವರು ಕೆಲವರೇ.

ಬೀಗ ತೆರೆದದ್ದು 2014ರ ಫೆಬ್ರವರಿಯಲ್ಲಿ, ಮಾರುತಿಯ ಸೆಲೆರಿಯೊ ಕಾರಿನೊಂದಿಗೆ. ಇಟಲಿಯ ಮ್ಯಾಗ್ನೆಟಿ ಮರೆಲ್ಲಿ ಕಂಪನಿಯ ತಂತ್ರವದು. ಗೇರು ಪೆಟ್ಟಿಗೆ ಮಾಮೂಲಿಯದೇ, ಕ್ಲಚ್ಚೂ ಮಾಮೂಲಿಯದೇ. ಕಾಲಿನ ಮತ್ತು ಕೈಯ ಕೆಲಸವನ್ನು ಮಾತ್ರ ಒಂದು ಯಾಂತ್ರಿಕ ಹಸ್ತ ಮಾಡುತ್ತದೆ, ಯಾವಾಗ ಮಾಡಬೇಕೆಂದು ಗಣಕ ಹೇಳುತ್ತದೆ. ಎಣ್ಣೆಯ ಜಾರಾಟವಿಲ್ಲ, ಆದ್ದರಿಂದ ಮೈಲೇಜಿನ ನಷ್ಟವೂ ಇಲ್ಲ. ಗೇರು ಬದಲಾಗುವಾಗ ಒಂದು ಸಣ್ಣ ತಡವರಿಕೆ, ತಲೆದೂಗಿದಂಥ ಒಂದು ಅನುಭವ ಇದೆ. ಪರೀಕ್ಷಕರು ಅದನ್ನು ಹಳಿದರು, ಜನ ಸಾಲುಗಟ್ಟಿ ಕೊಂಡರು. ಅದೇ ವರ್ಷದ ಕೊನೆಗೆ ಜಪಾನಿನ ಹೊಸ ಆಲ್ಟೊದ ಅಗ್ಗದ ಮಾದರಿಗಳಲ್ಲೂ ಇಂಥದೇ ಪೆಟ್ಟಿಗೆ ಬಂತು.

ಸೀಸ ಮತ್ತು ಹೊಗೆ

ಇಲ್ಲಿಯವರೆಗೆ ಹೇಳಿದ್ದು ಶಕ್ತಿ, ಅನುಕೂಲಗಳ ಮಾತು. ಈಗ ಹೇಳುವುದು ನಾವು ಉಸಿರಾಡುವ ಗಾಳಿಯ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಮಾರುತಿ ಝೆನ್ 1993ರಲ್ಲಿ ದೆಹಲಿ ಸಮೀಪದ ಗುರಗಾಂವ್ ಕಾರ್ಖಾನೆಯಿಂದ ಹೊರಬಂತು. ಎಂಜಿನ್ನು 993 ಸಿ.ಸಿ.ಯದು. ಇದೇ ಕಾರು ಆಲ್ಟೊ ಎಂಬ ಹೆಸರಿನಲ್ಲಿ ಯೂರೋಪಿಗೂ ರಫ್ತಾಗುತ್ತಿತ್ತು. ಒಂದೇ ಕಾರ್ಖಾನೆ, ಅವೇ ಕೆಲಸಗಾರರ ಕೈಗಳು. ಆದರೆ ಯೂರೋಪಿಗೆ ಹೋಗುವ ಕಾರಿನಲ್ಲಿ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ, ಹೊಗೆಯ ಕೊಳವೆಯಲ್ಲಿ ವಿಷಾನಿಲಗಳನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರು. ನಮಗೆ ಮಾರುವ ಕಾರಿನಲ್ಲಿ ಹಳೆಯ ಕಾರ್ಬ್ಯುರೇಟರು. ಕಾರಣ, ಯೂರೋಪಿನಲ್ಲಿ 1993ರ ಆರಂಭದಿಂದ ಹೊಸ ಕಾರುಗಳಿಗೆ ಯೂರೊ ಒಂದನೆಯ ಹಂತದ ನಿಯಮ ಕಡ್ಡಾಯವಾಗಿತ್ತು, ನಮ್ಮಲ್ಲಿ ಇರಲಿಲ್ಲ.

‘ಹಾಗಾದರೆ ಕಂಪನಿಯೇ ನಮಗೂ ಒಳ್ಳೆಯದನ್ನು ಕೊಡಬಹುದಿತ್ತಲ್ಲ?’ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಇದರಲ್ಲೊಂದು ಗಂಟಿದೆ. ಆಗ ನಮ್ಮ ಬಂಕುಗಳಲ್ಲಿ ಸಿಗುತ್ತಿದ್ದುದು ಸೀಸ ಬೆರೆಸಿದ ಪೆಟ್ರೋಲು. ಎಂಜಿನ್ನು ಬಡಿದುಕೊಳ್ಳದಿರಲೆಂದು ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದರು. ಕನ್ವರ್ಟರಿನೊಳಗೆ ಪ್ಲಾಟಿನಮ್ಮಿನಂಥ ಲೋಹದ ತೆಳುವಾದ ಲೇಪ ಇರುತ್ತದೆ. ಸೀಸ ಅದರ ಮೇಲೆ ಕೂತರೆ ಕೆಲವೇ ಟ್ಯಾಂಕು ಪೆಟ್ರೋಲಿನಲ್ಲಿ ಅದು ಕೆಲಸಕ್ಕೆ ಬಾರದಂತಾಗುತ್ತದೆ. ಅಂದರೆ ಕಾರನ್ನು ಸರಿಪಡಿಸುವ ಮೊದಲು ಪೆಟ್ರೋಲನ್ನು ಸರಿಪಡಿಸಬೇಕಿತ್ತು, ಪೆಟ್ರೋಲು ಸರಿಪಡಿಸಲು ಶುದ್ಧೀಕರಣ ಘಟಕಗಳನ್ನು. ಆ ಹಣವನ್ನು ಯಾರೂ ತಾವಾಗಿ ಮುಂದೆ ಬಂದು ಹಾಕಲಿಲ್ಲ. ಜಪಾನು ತನ್ನ ಸಾಮಾನ್ಯ ಪೆಟ್ರೋಲಿನಿಂದ ಸೀಸವನ್ನು ತೆಗೆದದ್ದು 1975ರಲ್ಲಿ. ನಾವು ದೇಶದಾದ್ಯಂತ ತೆಗೆದದ್ದು 2000ದ ಫೆಬ್ರವರಿಯಲ್ಲಿ. ನಡುವಿನ ಇಪ್ಪತ್ತೈದು ವರ್ಷ ರಸ್ತೆ ಬದಿಯ ಶಾಲೆಗಳಲ್ಲಿ ಓದಿದ ಮಕ್ಕಳು ಆ ಸೀಸವನ್ನು ಉಸಿರಾಡಿದರು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ ಎಂಬುದು ವೈದ್ಯಶಾಸ್ತ್ರಕ್ಕೆ ಆಗಲೇ ಗೊತ್ತಿದ್ದ ಸಂಗತಿ.

1995ರ ಏಪ್ರಿಲಿನಲ್ಲಿ ಸೀಸರಹಿತ ಪೆಟ್ರೋಲು ಮತ್ತು ಕನ್ವರ್ಟರು ಬಂದದ್ದು ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು ಎಂಬ ನಾಲ್ಕು ಮಹಾನಗರಗಳಿಗೆ ಮಾತ್ರ. ಬೆಂಗಳೂರು ಆ ಪಟ್ಟಿಯಲ್ಲಿ ಇರಲಿಲ್ಲ. ನ್ಯಾಯವಾದಿ ಎಂ.ಸಿ. ಮೆಹ್ತಾ ಅವರು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1999ರ ಏಪ್ರಿಲಿನಲ್ಲಿ ಆಜ್ಞೆ ಮಾಡಿತು: ರಾಜಧಾನಿ ವಲಯದಲ್ಲಿ ಮಾರುವ ಖಾಸಗಿ ಕಾರುಗಳು ಅದೇ ಜೂನ್ 1ರಿಂದ ಯೂರೊ ಒಂದನ್ನೂ 2000ದ ಏಪ್ರಿಲ್ 1ರಿಂದ ಯೂರೊ ಎರಡನ್ನೂ ಪಾಲಿಸಬೇಕು. ಆಮೇಲೆ ನೋಡಿ, ವರ್ಷಾನುಗಟ್ಟಲೆ ಆಗದಿದ್ದುದು ತಿಂಗಳುಗಳಲ್ಲಿ ಆಯಿತು. 2000ದಲ್ಲಿ ಮಾರುತಿ 800ಕ್ಕೂ ಇಂಜೆಕ್ಷನ್ ಬಂತು. ಸುಮಾರು 45 ಅಶ್ವಶಕ್ತಿಯ, ಐದು ಗೇರಿನ ಒಂದು ಮಾದರಿಯೂ ಬಂತು.

ಒಂದೇ ದೇಶದಲ್ಲಿ, ಒಂದೇ ರಾಜ್ಯದಲ್ಲಿ ಎರಡು ಮಾರುಕಟ್ಟೆ ಇರುವುದುಂಟೆ ಎಂದು ಕೇಳಿದರೆ ಉಂಟು ಎನ್ನಬೇಕು. 2010ರ ಏಪ್ರಿಲಿನಲ್ಲಿ ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ ಭಾರತ್ ನಾಲ್ಕನೆಯ ಹಂತದ ನಿಯಮ ಜಾರಿಗೆ ಬಂತು. ಉಳಿದೆಡೆ ಮೂರನೆಯ ಹಂತ. ಮಾರುತಿ 800ರ ಹಳೆಯ ಎಂಜಿನ್ನನ್ನು ನಾಲ್ಕನೆಯ ಹಂತಕ್ಕೆ ಏರಿಸುವುದು ಲಾಭದ ಕೆಲಸವಲ್ಲವೆಂದು ಆ 13 ನಗರಗಳಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿದರು. ಬೆಂಗಳೂರಿನಲ್ಲಿ ಸಿಗದ ಹೊಸ ಮಾರುತಿ 800 ಎಪ್ಪತ್ತು ಕಿಲೋಮೀಟರು ದೂರದ ತುಮಕೂರಿನಲ್ಲಿ ಸಿಗುತ್ತಿತ್ತು! ಹೊಗೆಗೇನು ಜಿಲ್ಲೆಯ ಗಡಿ ಗೊತ್ತೆ? 2014ರ ಜನವರಿಯಲ್ಲಿ ಕೊನೆಯ ಕಾರು ಹೊರಬಂದು ಉತ್ಪಾದನೆ ನಿಂತಿತು. ಆ ಹೊತ್ತಿಗೆ ನಮ್ಮ ದೇಶದಲ್ಲೇ 25 ಲಕ್ಷಕ್ಕೂ ಹೆಚ್ಚು ಮಾರಾಟವಾಗಿದ್ದವು.

2.7 ಮಿಲಿಮೀಟರು

ಮೊದಲೇ ಹೇಳಿದ ಲೆಕ್ಕಕ್ಕೆ ಈಗ ಮರಳೋಣ.

2006ರ ಬಜೆಟ್ಟಿನಲ್ಲಿ ಹಣಕಾಸು ಮಂತ್ರಿ ಪಿ. ಚಿದಂಬರಂ ಅವರು ನಮ್ಮದೇ ಒಂದು ‘ಕೇಯ್’ ನಿಯಮವನ್ನು ಮಾಡಿದರೆನ್ನಬಹುದು. ನಾಲ್ಕು ಮೀಟರು ಮೀರದ ಉದ್ದ, ಪೆಟ್ರೋಲಾದರೆ 1200 ಸಿ.ಸಿ., ಡೀಸೆಲಾದರೆ 1500 ಸಿ.ಸಿ. ಮೀರದ ಎಂಜಿನ್ನು. ಇಷ್ಟಿದ್ದರೆ ಅಬಕಾರಿ ಸುಂಕ ಶೇಕಡಾ 24ರಿಂದ 16ಕ್ಕೆ ಇಳಿಯುತ್ತಿತ್ತು.

ಸುಜುಕಿಯ ಸ್ವಿಫ್ಟ್ ಕಾರು ಇಲ್ಲಿಗೆ ಬಂದದ್ದು ಅದರ ಹಿಂದಿನ ವರ್ಷ, 2005ರಲ್ಲಿ. ಎಂಜಿನ್ನು 1298 ಸಿ.ಸಿ. ಕವಚದ ಉದ್ದ ಮಿತಿಯೊಳಗೇ ಇತ್ತು, ಎಂಜಿನ್ನು ಮಾತ್ರ ತೊಂಬತ್ತೆಂಟು ಸಿ.ಸಿ. ಹೊರಗೆ! ಜಪಾನಿನಲ್ಲಿ ಇದೇ ಸ್ವಿಫ್ಟಿಗೆ ಹೊಸದೊಂದು ನಾಲ್ಕು ಸಿಲಿಂಡರಿನ ಎಂಜಿನ್ನು ಬಂದಿತ್ತು. ಅದರ ವ್ಯಾಸ 73 ಮಿಲಿಮೀಟರು, ಪಿಸ್ಟನ್ನಿನ ಓಟ 74.2, ಗುಣಿಸಿದರೆ 1242 ಸಿ.ಸಿ. ಅದನ್ನು ಹಾಗೆಯೇ ತಂದರೂ ನಮ್ಮ ಗೆರೆಯನ್ನು 42 ಸಿ.ಸಿ. ದಾಟುತ್ತದೆ. ಇಂಜಿನಿಯರುಗಳು ಏನು ಮಾಡಿದರು? ವ್ಯಾಸವನ್ನು ಮುಟ್ಟಲಿಲ್ಲ. ಓಟವನ್ನು 71.5ಕ್ಕೆ ಇಳಿಸಿದರು. ಬರೀ 2.7 ಮಿಲಿಮೀಟರು, ಎರಡು ಮೂರು ಅಕ್ಕಿಕಾಳನ್ನು ಒಟ್ಟಿಗೆ ಮಲಗಿಸಿದಷ್ಟು ದಪ್ಪವೂ ಇಲ್ಲ. ಗುಣಿಸಿ ನೋಡಿ, 1197 ಬರುತ್ತದೆ. 2010ರಲ್ಲಿ ನಮ್ಮ ಸ್ವಿಫ್ಟಿಗೆ ಈ ಎಂಜಿನ್ನು ಬಂತು. ಯೂರೋಪಿನವರು ಮತ್ತು ಜಪಾನಿನವರು ಅದೇ ಹೊತ್ತಿಗೆ 1242ರಲ್ಲಿ ಓಡಾಡುತ್ತಿದ್ದರು. ಜಪಾನಿನಲ್ಲಿ ಅದಕ್ಕೆ ಸಿ.ವಿ.ಟಿ. ಪೆಟ್ಟಿಗೆ, ನಮಗೆ ಕ್ಲಚ್ಚು. ಸ್ವಿಫ್ಟಿಗೆ ಯಾಂತ್ರಿಕ ಹಸ್ತದ ಪೆಟ್ಟಿಗೆ ಇಲ್ಲಿ ಸಿಕ್ಕಿದ್ದು 2018ರಲ್ಲಿ.

ಡೀಸೆಲಿನದು ತಿರುಗುಮುರುಗು. ಫಿಯಟ್ ವಿನ್ಯಾಸದ 1248 ಸಿ.ಸಿ. ಡೀಸೆಲ್ ಎಂಜಿನ್ನಿನ ಸ್ವಿಫ್ಟು 2007ರಿಂದ ನಮ್ಮಲ್ಲಿ ಮಾರಾಟವಾಯಿತು, ಯೂರೋಪಿನಲ್ಲೂ ಸಿಗುತ್ತಿತ್ತು. ಜಪಾನೀಯರಿಗೆ ಅದು ಸಿಗಲೇ ಇಲ್ಲ. ಸರ್ಕಾರ ಡೀಸೆಲಿನ ಬೆಲೆಯನ್ನು ಹಿಡಿದಿಟ್ಟಿದ್ದ ಕಾಲ ಅದು, ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ ಬಹಳ ಅಂತರವಿತ್ತು. 2014ರ ಅಕ್ಟೋಬರಿನಲ್ಲಿ ಆ ನಿಯಂತ್ರಣ ಹೋಯಿತು, ಅಂತರ ಕುಗ್ಗಿತು. 2020ರ ಏಪ್ರಿಲಿನಲ್ಲಿ ಆರನೆಯ ಹಂತದ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು.

ನಾಲ್ಕು ಮೀಟರು ಮತ್ತು 1200 ಸಿ.ಸಿ.ಯ ಗೆರೆ ಮಾತ್ರ ಅಳಿಯಲಿಲ್ಲ. ಅಬಕಾರಿ ಸುಂಕ ಹೋಗಿ 2017ರಲ್ಲಿ ಜಿ.ಎಸ್.ಟಿ. ಬಂದಾಗಲೂ ಉಳಿಯಿತು, 2025ರ ಸೆಪ್ಟೆಂಬರಿನಲ್ಲಿ ದರಗಳು ಬದಲಾಗಿ ಗೆರೆಯ ಒಳಗಿನ ಕಾರಿಗೆ ಶೇಕಡಾ 18, ಹೊರಗಿನದಕ್ಕೆ 40 ಎಂದಾದಾಗಲೂ ಉಳಿದಿದೆ. ಸ್ವಿಫ್ಟಿನ ಹೊಸ ತಲೆಮಾರು 2024ರಲ್ಲಿ ನಮ್ಮಲ್ಲಿ ಬಂತು. ಅದರ ಎಂಜಿನ್ನಿಗೆ ಈಗ ಮೂರೇ ಸಿಲಿಂಡರು, ನಮ್ಮ ಹಳೆಯ 800ರಂತೆ. ಜಪಾನಿನಲ್ಲಿ ಅದರ ಜೊತೆ ಸಿ.ವಿ.ಟಿ. ಇದೆ, ಬ್ಯಾಟರಿಯ ನೆರವಿನ ಹೈಬ್ರಿಡ್ ಇದೆ, ಹಿಮದ ಊರುಗಳಿಗಾಗಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಮಾದರಿಯೂ ಇದೆ. ನಮಗೆ ಐದು ಗೇರಿನ ಮಾಮೂಲಿ ಪೆಟ್ಟಿಗೆ, ಇಲ್ಲವೇ ಯಾಂತ್ರಿಕ ಹಸ್ತದ್ದು. ಎಂಜಿನ್ನಿನ ಗಾತ್ರ ಮಾತ್ರ ಈ ಸಲ ಎರಡೂ ಕಡೆ ಒಂದೇ: 1197 ಸಿ.ಸಿ.